ನಡಾವಳಿಗೆ ಸೇರಿದ ಮಾತು

ಸಭೆಯಲ್ಲಿ ಎದ್ದು ನಿಂತು ನಾಲ್ಕು ಮಾತು ನೆಟ್ಟಗೆ ಆಡುವುದನ್ನು ನನಗೆ ಕಲಿಸಿದವರು ಯಾವ ಕಾಲೇಜಿನ ಮೇಷ್ಟ್ರೂ ಅಲ್ಲ, ಕೋಟು ಹಾಕಿಕೊಂಡು ಬಂದು ತರಬೇತಿ ಕೊಡುವವರೂ ಅಲ್ಲ. ನಮ್ಮ ನೀರು ಸರಬರಾಜು ಕಚೇರಿಯ ಸ್ಟೆನೋಗ್ರಾಫರ್. ಇಡೀ ಕಚೇರಿ ಅವರನ್ನು ಶಾರ್ಟ್‌ಹ್ಯಾಂಡಮ್ಮ ಎಂದು ಕರೆಯುತ್ತಿತ್ತು. ಬೆನ್ನ ಹಿಂದೆಯೂ ಹಾಗೇ, ಎದುರಿಗೂ ಹಾಗೇ. ಅವರಿಗೇನೂ ಬೇಸರವಿರಲಿಲ್ಲ. "ಅಪ್ಪ ಅಮ್ಮ ಇಟ್ಟ ಹೆಸರನ್ನ ನನ್ನ ಗಂಡನೇ ಕರೆಯಲ್ಲ, ನೀವ್ಯಾಕೆ ಕಷ್ಟಪಡ್ತೀರಿ" ಎನ್ನುತ್ತಿದ್ದರು.

ಒಣಕಲು ಮೈ. ಮೂಗಿನಿಂದ ಸದಾ ಜಾರುವ ಕನ್ನಡಕ. ಎರಡೂ ತುದಿ ಚೂಪು ಮಾಡಿಟ್ಟ ನಾಲ್ಕು ಪೆನ್ಸಿಲ್. ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ, ಸೈಕಲ್ ಸ್ಟ್ಯಾಂಡಿನ ತಗಡಿನ ಚಾವಣಿ ಕಾಣುವ ಕಿಟಕಿಯ ಪಕ್ಕ ಅವರ ಮೇಜು. ಕಂಪ್ಯೂಟರ್ ಬಂದು ವರ್ಷಗಳಾಗಿದ್ದರೂ ಹಳೆಯ ಟೈಪ್‌ರೈಟರ್ ಪಕ್ಕದಲ್ಲೇ ಬಟ್ಟೆ ಹೊದ್ದು ಕುಳಿತಿತ್ತು. ತಿಂಗಳಿಗೊಮ್ಮೆ ಆಡಳಿತ ಸಮಿತಿಯ ಸಭೆ. ಅಲ್ಲಿ ಯಾರು ಏನು ಹೇಳಿದರೂ ಬರೆದುಕೊಂಡು, ಅದನ್ನು ಸೋಸಿ, ನಡಾವಳಿ ಪುಸ್ತಕಕ್ಕೆ ಏರಿಸುವುದು ಅವರ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ಲೆಕ್ಕ ಹಾಕಿ ನೋಡಿ, ಆ ಹೆಂಗಸು ಎಷ್ಟು ಜನರ ಎಷ್ಟು ಗಂಟೆಗಳ ಕೊರೆತ ಕೇಳಿರಬೇಡ.

ಹದಿನೆಂಟನೇ ವಯಸ್ಸಿಗೆ ಶೀಘ್ರಲಿಪಿ ಕಲಿಯಲು ಹೋಗಿದ್ದರಂತೆ. ಬೀಗ ರಿಪೇರಿ ಅಂಗಡಿಯ ಮೇಲಿನ ಕೋಣೆ, ಏಣಿಯಂಥ ಮೆಟ್ಟಿಲು. ಮೇಷ್ಟ್ರು ಕೈಯಲ್ಲಿ ಗಡಿಯಾರ ಹಿಡಿದು ಪೇಪರ್ ಓದುತ್ತಿದ್ದರು, ಕೆಳಗೆ ದಿನವಿಡೀ ಅರ ಹಾಕಿ ಉಜ್ಜುವ ಸದ್ದು. "ಹಲ್ಲು ಜುಮ್ಮೆನ್ನೋ ಆ ಸದ್ದಲ್ಲಿ ಬರೆದು ಕಲಿತವಳು ನಾನು. ನಿಮ್ಮ ಸಭೆ ಗದ್ದಲ ನನಗೆ ಜೋಗುಳ" ಎಂದು ಒಮ್ಮೆ ಹೇಳಿದ್ದರು. ಮದುವೆಯಾದದ್ದು ಬಸ್ ಕಂಡಕ್ಟರ್ ಒಬ್ಬರನ್ನು. ಆತ ಹಗಲೆಲ್ಲ ಕೂಗಿ ಕೂಗಿ ಮನೆಗೆ ಬಂದವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಈಕೆ ಹಗಲೆಲ್ಲ ಬಾಯಿ ಮುಚ್ಚಿ ಕೂತು ಮನೆಗೆ ಬಂದು ಮಾತು ಶುರು ಮಾಡುತ್ತಿದ್ದರು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಇನ್ನು ನನ್ನ ವಿಷಯ. ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನು ಹೇಳುವುದಲ್ಲ, ನಮ್ಮಮ್ಮ, ನಮ್ಮತ್ತೆ ಇಬ್ಬರೂ ಒಪ್ಪಿದ ಏಕೈಕ ವಿಷಯ ಅದು. ಸಹಾಯಕ ಇಂಜಿನಿಯರ್ ಆಗಿ ಸೇರಿದ ಎರಡನೇ ವರ್ಷಕ್ಕೆ ನೀರು ಶುದ್ಧೀಕರಣ ಘಟಕದ ಹೊಣೆ ನನ್ನ ತಲೆಗೆ ಬಂತು. ಊರಿಗೆಲ್ಲ ಕುಡಿಯುವ ನೀರು ಅಲ್ಲಿಂದಲೇ ಹೋಗಬೇಕು. ಕೊನೆಯ ಹಂತದಲ್ಲಿ ನೀರಿಗೆ ಕ್ಲೋರಿನ್ ಅನಿಲ ಸೇರಿಸುತ್ತಾರೆ. ಅದರ ಸಿಲಿಂಡರುಗಳು ಇರುವುದಕ್ಕೆ ಘಟಕದ ಹಿಂಬದಿಯಲ್ಲಿ ಒಂದು ಪ್ರತ್ಯೇಕ ಕೊಠಡಿ. ಅಲ್ಲಿ ಮೂವರು ಆಪರೇಟರುಗಳು ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಅವರಲ್ಲಿ ಹಿರಿಯರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ನಾನೂ ಅದನ್ನೇ ಅಂದೆ.

ದೊಡ್ಡಣ್ಣ ಆ ಕೊಠಡಿಯಲ್ಲಿ ಇಪ್ಪತ್ತಾರು ವರ್ಷ ಕಳೆದವರು. ಒಂದು ಕೋಲಿನ ತುದಿಗೆ ಬಟ್ಟೆ ಸುತ್ತಿ, ಅಮೋನಿಯಾದಲ್ಲಿ ಅದ್ದಿ, ಸಿಲಿಂಡರಿನ ಕತ್ತಿನ ಸುತ್ತ, ಪೈಪಿನ ಜೋಡಣೆಗಳ ಸುತ್ತ ನಿಧಾನವಾಗಿ ಆಡಿಸುವರು. ಎಲ್ಲಿ ಅನಿಲ ಸೋರುತ್ತಿದೆಯೋ ಅಲ್ಲಿ ಬಿಳಿ ಹೊಗೆ ಏಳುತ್ತದೆ. ಹೊಗೆ ಕಂಡರೆ ಸಾಕು, ಪಾನಾ ಹಿಡಿದು ಬಿಗಿ ಮಾಡಿ, ಮತ್ತೆ ಕೋಲು ಆಡಿಸಿ ನೋಡಿ, ನಂತರವೇ ಬೇರೆ ಕೆಲಸ. ಇಷ್ಟು ಜಾಗ್ರತೆಯ ಮನುಷ್ಯನಿಗೂ ಒಂದು ಮಧ್ಯಾಹ್ನ ಸಿಲಿಂಡರ್ ಬದಲಿಸುವಾಗ ವಾಷರ್ ಕೈಕೊಟ್ಟಿತು. ಅನಿಲ ಭುಸ್ಸೆಂದು ಬಂತು. ವಾಲ್ವ್ ಮುಚ್ಚಿ, ಗೋಡೆ ತಡವಿಕೊಂಡು ಹೊರಗೆ ಬಂದು ಕುಸಿದರು. ಮೂರು ದಿನ ಗಂಟಲಿಂದ ಸ್ವರವೇ ಹೊರಡಲಿಲ್ಲ. ನಾನು ನೋಡಲು ಹೋದರೆ, ಅವರ ಹೆಂಡತಿಯನ್ನು ತೋರಿಸಿ, ಪಿಸುದನಿಯಲ್ಲಿ, "ಇವಳಿಗೆ ಮೂರು ದಿನ ಹಬ್ಬ ಮೇಡಂ, ಎದುರು ಮಾತಾಡೋರು ಯಾರೂ ಇಲ್ಲ" ಎಂದರು. ಆಕೆ ನಗಲಿಲ್ಲ.

ನಾನು ಹೋಗಿ ಆ ಕೊಠಡಿಯನ್ನು ಮೊದಲ ಬಾರಿಗೆ ಸರಿಯಾಗಿ ಕಣ್ಣುಬಿಟ್ಟು ನೋಡಿದೆ. ನೋಡಿ ಮೈಯೆಲ್ಲ ಉರಿಯಿತು. ಕ್ಲೋರಿನ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಹರಡಿ ನಿಲ್ಲುತ್ತದೆ. ಆದರೆ ಅದನ್ನು ಹೊರಗೆ ತಳ್ಳಬೇಕಾದ ಫ್ಯಾನು ಚಾವಣಿಯ ಹತ್ತಿರ, ಆಳೆತ್ತರಕ್ಕಿಂತ ಮೇಲೆ ಇತ್ತು. ಕಟ್ಟಿದ ಪುಣ್ಯಾತ್ಮ ಅಡುಗೆಮನೆಗೆ ಇಡುವ ಹಾಗೆ ಇಟ್ಟುಬಿಟ್ಟಿದ್ದ. ಫ್ಯಾನಿನ ಸ್ವಿಚ್ಚು ಕೊಠಡಿಯ ಒಳಗೆ. ಇರುವ ಒಂದೇ ಬಾಗಿಲು ಒಳಮುಖವಾಗಿ ತೆರೆಯುತ್ತಿತ್ತು, ಅಂದರೆ ಉಸಿರುಗಟ್ಟಿದವನು ಹೊರಗೆ ಬರಬೇಕಾದರೆ ಮೊದಲು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಇಪ್ಪತ್ತಾರು ವರ್ಷ ಈ ಮನುಷ್ಯ ಬದುಕಿದ್ದೇ ಹೆಚ್ಚು ಎನಿಸಿತು. ಮುಂದಿನ ಸಲ ಅದೃಷ್ಟ ಅವರ ಕಡೆ ಇರುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ?

ಬದಲಾವಣೆಗೆ ಸಮಿತಿಯ ಒಪ್ಪಿಗೆ ಬೇಕಿತ್ತು. ಮುಂದಿನ ಸಭೆಯಲ್ಲಿ ಮಾತಾಡಲು ನನಗೆ ಅರ್ಧ ಗಂಟೆ ಕೊಟ್ಟರು. ಹದಿನೈದು ದಿನ ಕೂತು ಇಪ್ಪತ್ತೆರಡು ಸ್ಲೈಡ್ ಮಾಡಿದೆ. ಕ್ಲೋರಿನ್ ಯಾವಾಗ ಕಂಡುಹಿಡಿದರು ಎಂಬಲ್ಲಿಂದ ಶುರು. ಅಣುತೂಕ, ಒತ್ತಡದ ನಕ್ಷೆ, ನಾಲ್ಕು ಬಣ್ಣದ ಗ್ರಾಫು. ಕನ್ನಡಿಯ ಮುಂದೆ ನಿಂತು ಇಡೀ ಭಾಷಣ ಬಾಯಿಪಾಠ ಮಾಡಿದೆ. ನನ್ನ ಗಂಡ ಹಲ್ಲುಜ್ಜಲು ಕಾದು ಕಾದು ಹಿತ್ತಲಿನ ನಲ್ಲಿಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಸಭೆಯ ದಿನ ಎಲ್ಲವನ್ನೂ ಒಂದಕ್ಷರ ತಪ್ಪದೆ ಒಪ್ಪಿಸಿದೆ. ಅಧ್ಯಕ್ಷರು ತಲೆದೂಗಿದರು. ಲೆಕ್ಕಾಧಿಕಾರಿಗಳು "ಬಹಳ ವಿಷಯ ತಿಳೀತು" ಎಂದರು. ನಾನು ಗೆದ್ದೆ ಎಂದುಕೊಂಡು ಕೂತೆ.

ನಾಲ್ಕು ದಿನದ ನಂತರ ನಡಾವಳಿಯ ಪ್ರತಿ ಬಂತು. ಅದರಲ್ಲಿ ಹೀಗಿತ್ತು: "ಸಹಾಯಕ ಇಂಜಿನಿಯರರು ಕ್ಲೋರಿನ್ ಕೊಠಡಿಯ ಕುರಿತು ಮಾಹಿತಿ ನೀಡಿದರು. ಸಭೆ ಗಮನಿಸಿತು."

ಇಷ್ಟೇ. ಕೋಪ ನೆತ್ತಿಗೇರಿತು. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ, ಆ ಹಾಳೆಯನ್ನು ಶಾರ್ಟ್‌ಹ್ಯಾಂಡಮ್ಮನ ಮೇಜಿನ ಮೇಲೆ ಕುಕ್ಕಿದೆ.

"ಇದೇನಮ್ಮ ಇದು? ಅರ್ಧ ಗಂಟೆ ಬಾಯಿ ಬಡ್ಕೊಂಡಿದ್ದೀನಿ. ಒಂದು ಸಾಲಲ್ಲಿ ಮುಗಿಸಿಬಿಟ್ರಾ? ಅಲ್ಲಿ ಜೀವ ಹೋಗೋ ವಿಷಯ ಇದೆ, ನಿಮಗೆ ಬರೆಯೋಕೆ ಬೇಜಾರಾ?"

ಅವರು ಕನ್ನಡಕವನ್ನು ಮೇಲಕ್ಕೆ ತಳ್ಳಿ ನನ್ನನ್ನು ನೋಡಿದರು. ಬೈಯಲಿಲ್ಲ, ಬೇಸರಿಸಲಿಲ್ಲ. ಕಪಾಟಿನಿಂದ ನೋಟ್‌ಪುಸ್ತಕ ತೆಗೆದು, "ಕೂತ್ಕೊಳ್ಳಿ ಮೇಡಂ. ನೀವು ಆಡಿದ್ದನ್ನ ನಾನು ಓದ್ತೀನಿ, ಕೇಳಿ" ಎಂದರು. ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿದರು. ನಾನು ಆಡಿದ ಪ್ರತಿ ಮಾತೂ ಅಲ್ಲಿತ್ತು. ಪ್ರತಿ "ಅಂದ್ರೆ", ಪ್ರತಿ "ಏನಪ್ಪಾ ಅಂದ್ರೆ", ಪ್ರತಿ ಕೆಮ್ಮು. ಮೊದಲ ಎರಡು ಪುಟಕ್ಕೆ ನನಗೆ ನಾಚಿಕೆಯಾಯಿತು. ಐದನೇ ಪುಟಕ್ಕೆ ಆಕಳಿಕೆ ಬಂತು. ನನ್ನ ಭಾಷಣಕ್ಕೆ ನಾನೇ ಆಕಳಿಸಿದೆ, ಇದಕ್ಕಿಂತ ಮರ್ಯಾದೆ ಇನ್ನೇನು ಹೋಗಬೇಕು?

ಕೊನೆಯ ಪುಟ ಮುಗಿಸಿ ಅವರು ಕೇಳಿದರು: "ನಿಮಗೆ ಏನು ಬೇಕಾಗಿತ್ತು?"

"ಫ್ಯಾನು ಕೆಳಗೆ ಬರಬೇಕಾಗಿತ್ತು. ಬಾಗಿಲು ಹೊರಗೆ ತೆರೀಬೇಕು. ಸ್ವಿಚ್ಚು ಆಚೆ ಇರಬೇಕು."

"ಅದು ಇದರಲ್ಲಿ ಎಲ್ಲೂ ಇಲ್ಲ. ನಾನು ಮೂರು ಸಲ ಹುಡುಕಿದೆ. ಫ್ಯಾನಿದೆ ಅಂದ್ರಿ, ಮೇಲಿದೆ ಅಂದ್ರಿ, ಅನಿಲ ಭಾರ ಅಂದ್ರಿ. ಕೆಳಗೆ ಹಾಕ್ಕೊಡಿ ಅಂತ ಅನ್ನಲೇ ಇಲ್ಲ. ಆಡದ ಮಾತು ಬರೆಯೋ ಅಧಿಕಾರ ನನಗಿಲ್ಲ."

ಹದಿನೈದು ದಿನ ಹಗಲೂ ರಾತ್ರಿ ಅದನ್ನೇ ಯೋಚಿಸಿ, ನನಗೆ ಗೊತ್ತಿದೆ ಎಂದ ಮೇಲೆ ಎಲ್ಲರಿಗೂ ಗೊತ್ತಿದ್ದೇ ಇರುತ್ತದೆ ಎಂದುಕೊಂಡು, ಕೇಳಬೇಕಾದ್ದನ್ನೇ ಕೇಳದೆ ಬಂದಿದ್ದೆ. ಕೋಪವೆಲ್ಲ ಇಳಿದು ಅಳು ಬರುವಂತಾಯಿತು. ಶಾರ್ಟ್‌ಹ್ಯಾಂಡಮ್ಮ ಎದ್ದು ಹೋಗಿ ಒಂದು ಲೋಟ ನೀರು ತಂದು ಮುಂದಿಟ್ಟರು.

ಆಮೇಲೆ ಅವರು ಹೇಳಿದ ಸಂಗತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಅವರು ಕೆಲಸಕ್ಕೆ ಸೇರಿದ ಮೂರನೇ ವರ್ಷ. ನೀರಿನ ಟ್ಯಾಂಕು ಹತ್ತಿ ಕೆಲಸ ಮಾಡುತ್ತಿದ್ದ ಒಬ್ಬ ನೌಕರನ ತಂದೆ, ಅನುಮತಿ ಪಡೆದು ಸಮಿತಿಯ ಮುಂದೆ ಬಂದಿದ್ದರು. ಮಗನಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಆ ತಂದೆ ಮಗ ಹುಟ್ಟಿದ್ದು, ನಡೆಯಲು ಕಲಿತದ್ದು, ಶಾಲೆಯಲ್ಲಿ ಬಿದ್ದದ್ದು, ಯಾವ ಯಾವ ವೈದ್ಯರಿಗೆ ತೋರಿಸಿದ್ದು ಎಲ್ಲ ಹೇಳಿದರು. ಕಣ್ಣಲ್ಲಿ ನೀರು ಹಾಕಿದರು. ಅಧ್ಯಕ್ಷರು "ಆಯಿತಪ್ಪ, ಕೇಳಿದ್ದೀವಿ" ಎಂದರು. ತಂದೆ ಕೈಮುಗಿದು ಹೋದರು.

"ಅವನನ್ನ ಟ್ಯಾಂಕ್ ಹತ್ತೋ ಕೆಲಸದಿಂದ ತೆಗೀರಿ, ಇಷ್ಟೇ ಅವರು ಕೇಳಬೇಕಾಗಿದ್ದಿದ್ದು. ಕೇಳಲಿಲ್ಲ. ನನಗೆ ಅರ್ಥ ಆಗಿತ್ತು ಮೇಡಂ. ಪೆನ್ಸಿಲ್ ಹಿಡ್ಕೊಂಡು ಕಾದೆ, ಇನ್ನೇನು ಹೇಳ್ತಾರೆ, ಇನ್ನೇನು ಹೇಳ್ತಾರೆ ಅಂತ. ಹೊರಗೆ ಹೋಗೋವಾಗ ಹಿಂದೆ ಓಡಿ ಒಂದು ಮಾತು ಹೇಳಬಹುದಾಗಿತ್ತು. ನನಗ್ಯಾಕೆ ಇಲ್ಲದ ಉಸಾಬರಿ ಅಂತ ಸುಮ್ಮನಾದೆ. ಸಭೆ ಗಮನಿಸಿತು ಅಂತ ಬರೆದೆ. ಮೂರು ತಿಂಗಳಿಗೆ ಆ ಹುಡುಗ ಬಿದ್ದ. ಬದುಕಿದ. ಆದರೆ ಮತ್ತೆ ನಡೀಲಿಲ್ಲ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಆವತ್ತಿಂದ ಯಾರು ಸಭೆಗೆ ಬರ್ತೀನಿ ಅಂದ್ರೂ ಮೊದಲೇ ಕರೆದು ಏನು ಬೇಕು ಅಂತ ಕೇಳ್ತಿದ್ದೆ. ನೀವು ಇಂಜಿನಿಯರ್, ಓದಿದವರು, ನಿಮಗೆ ಹೇಳೋ ಅಗತ್ಯ ಇಲ್ಲ ಅಂದ್ಕೊಂಡೆ. ನಂದೂ ತಪ್ಪು. ನಾಳೆ ಊಟದ ಹೊತ್ತಿಗೆ ಬನ್ನಿ."

ಹೋದೆ. ಒಂದು ತಿಂಗಳು ದಿನಾ ಹೋದೆ. ಅವರದು ವಿಚಿತ್ರ ಪಾಠ. ನಾನು ನಿಂತು ಮಾತಾಡಬೇಕು, ಅವರು ಬರೆದುಕೊಳ್ಳಬೇಕು. ಮುಗಿದ ಮೇಲೆ, ಇದರಲ್ಲಿ ನಡಾವಳಿಗೆ ಹೋಗುವುದು ಯಾವುದೋ ಅದನ್ನು ಮಾತ್ರ ಓದಿ ಹೇಳುವರು. ಮೊದಲ ದಿನ ಹತ್ತು ನಿಮಿಷ ಮಾತಾಡಿದ್ದಕ್ಕೆ ಅವರು ಓದಿದ್ದು, "ಸದರಿಯವರು ಕ್ಲೋರಿನ್ ಒಂದು ಅನಿಲವೆಂದು ತಿಳಿಸಿದರು." ಎರಡನೇ ದಿನ ಏನೂ ಓದಲಿಲ್ಲ, ತಮ್ಮ ಡಬ್ಬಿ ತೆರೆದು ಊಟಕ್ಕೆ ಕೂತರು. ನನಗೆ ರೇಗಿತು.

"ಏನಾದ್ರೂ ಅನ್ನಿ ಅಮ್ಮ."

"ಏನನ್ನಲಿ? ನೀವು ಅಂದಿದ್ರೆ ತಾನೇ ನಾನು ಅನ್ನೋದು."

ಮೂರನೇ ವಾರದಲ್ಲಿ ಒಂದು ವಿಷಯ ಹೊಳೆಯಿತು. ಅವರು ಬರೆಯುವುದು ಕೊನೆಗೆ ಒಂದೇ ಸಾಲು ಎಂದಾದರೆ, ಆ ಸಾಲು ಯಾವುದೆಂದು ತೀರ್ಮಾನಿಸಬೇಕಾದವಳು ನಾನು. ಅದನ್ನು ಮೊದಲು ಹೇಳಬೇಕು. ಉಳಿದದ್ದೆಲ್ಲ ಆ ಸಾಲಿಗೆ ಆಸರೆ. ಇದನ್ನು ಅವರಿಗೆ ಹೇಳಿದಾಗ, "ಅಂತೂ" ಎಂದರು, ಅಷ್ಟೇ. ಇನ್ನೊಂದು ಗುಟ್ಟೂ ಹೇಳಿಕೊಟ್ಟರು. ಮಾತಾಡುವಾಗ ಅಧ್ಯಕ್ಷರ ಮುಖ ನೋಡಿ ಹೆದರುವ ಬದಲು ತಮ್ಮ ಕೈಯ ಪೆನ್ಸಿಲ್ ನೋಡಬೇಕಂತೆ. ಪೆನ್ಸಿಲ್ ಓಡುತ್ತಿದ್ದರೆ ಸುಮ್ಮನಿರಬೇಕು. ನಿಂತಾಗ ಮುಂದಿನ ಮಾತು. "ನನ್ನ ಕೈಗೆ ಎಟುಕದ ಮಾತು ಅವರ ತಲೆಗೂ ಎಟುಕಲ್ಲ" ಎಂದರು.

ಅವರಿಗೆ ನನ್ನ ದನಿಯ ಬಗ್ಗೆಯೂ ತಕರಾರಿತ್ತು. ಸಾಲಿನ ಶುರುವಿನಲ್ಲಿ ಜೋರು, ಕೊನೆಗೆ ಬರುವಷ್ಟರಲ್ಲಿ ನುಂಗಿಬಿಡುತ್ತೇನೆ ಎಂದು. ಅದನ್ನು ಸರಿಮಾಡಲು ಒಂದು ಭಾನುವಾರ ಮನೆಗೆ ಕರೆದು ಗಂಡನ ಮುಂದೆ ನಿಲ್ಲಿಸಿದರು. ಕಂಡಕ್ಟರು ಆಗಷ್ಟೇ ನಿವೃತ್ತರಾಗಿದ್ದರು. ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ನನ್ನ ಮಾತೆಲ್ಲ ಕೇಳಿದರು.

"ಬಸ್ಸಲ್ಲಿ ಸ್ಟಾಪು ಕೂಗೋವಾಗ ಊರಿನ ಇತಿಹಾಸ ಹೇಳ್ತಾ ಕೂರಲ್ಲ ಕಣಮ್ಮ" ಎಂದರು ಕೊನೆಗೆ. "ಇಳಿಯೋ ಜಾಗ ಹೇಳಬೇಕು. ಕೊನೆ ಸೀಟಲ್ಲಿ ತೂಕಡಿಸ್ತಿರೋನಿಗೂ ಎಚ್ಚರ ಆಗಬೇಕು. ಏನು ಬೇಕು ನಿನಗೆ? ಫ್ಯಾನು ನೆಲಕ್ಕೆ, ಬಾಗಿಲು ಹೊರಕ್ಕೆ, ಸ್ವಿಚ್ಚು ಆಚೆಗೆ. ಹಂಗೆ ಕೂಗು."

ಶಾರ್ಟ್‌ಹ್ಯಾಂಡಮ್ಮ ಗಂಡನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಇಷ್ಟು ಮಾತು ನನ್ನ ಹತ್ತಿರ ಯಾವ ಜನ್ಮದಲ್ಲಿ ಆಡಿದ್ದೀರಿ?" ಎಂದರು. ಕಂಡಕ್ಟರು ಮತ್ತೆ ಕಣ್ಣು ಮುಚ್ಚಿದರು.

ಆದರೆ ನನ್ನ ದೊಡ್ಡ ಶತ್ರು ದನಿಯಲ್ಲ, ಸಿಟ್ಟು. ಅದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಕೊನೆಯ ವಾರ ಪ್ರತಿ ದಿನ ನನ್ನ ಮಾತಿಗೆ ಅಡ್ಡ ಬಾಯಿ ಹಾಕಿದರು. "ಇದಕ್ಕೆಲ್ಲ ಸಮಿತಿ ಬೇಕಾ?" "ಇಷ್ಟು ವರ್ಷ ಏನೂ ಆಗಿಲ್ಲವಲ್ಲ?" "ನೀವು ಹೊಸಬರು, ನಿಮಗೇನು ಗೊತ್ತು?" ಬೇಕೆಂತಲೇ ಹಾಗೆ ಕೆಣಕುತ್ತಿದ್ದರು. ನಾನು ಸಿಡುಕಿದಾಗಲೆಲ್ಲ ಪೆನ್ಸಿಲ್ ಕೆಳಗಿಟ್ಟು, "ಈಗ ನೀವು ಆಡಿದ್ದು ಬರೀಲಾ? ಬರೆದ್ರೆ ಅದು ಪುಸ್ತಕದಲ್ಲಿ ಉಳಿಯುತ್ತೆ, ಫ್ಯಾನು ಮೇಲೇ ಉಳಿಯುತ್ತೆ" ಎನ್ನುವರು. ಒಂದು ದಿನ ನನಗೆ ಎಷ್ಟು ಸಿಟ್ಟು ಬಂತೆಂದರೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ತನಕ ಹೋಗಿದ್ದೆ. ಆಗ ಅವರು ಹಿಂದಿನಿಂದ, "ದೊಡ್ಡಣ್ಣನ ಕೆಮ್ಮು ಹೇಗಿದೆ?" ಎಂದಷ್ಟೇ ಕೇಳಿದರು. ವಾಪಸು ಬಂದು ನಿಂತೆ.

ಎರಡನೇ ಸಭೆಯಲ್ಲಿ ನನ್ನ ವಿಷಯ ಪಟ್ಟಿಯ ಕೊನೆಗಿತ್ತು. ಅದಕ್ಕಿಂತ ಮೊದಲು ಒಂದು ಟೆಂಡರಿನ ಜಗಳ ಎರಡು ಗಂಟೆ ತಿಂದುಹಾಕಿತು. ಅಧ್ಯಕ್ಷರು ಗಡಿಯಾರ ನೋಡಿ, "ಮುಂದಿನ ತಿಂಗಳಿಗೆ ಹಾಕೋಣವೇ?" ಎಂದರು. ಮುಂದಿನ ತಿಂಗಳು ಎಂದರೆ ಇನ್ನು ನಾಲ್ಕು ಸಿಲಿಂಡರು ಬದಲಿಸಬೇಕು, ದೊಡ್ಡಣ್ಣ ನಾಲ್ಕು ಸಲ ಅದೇ ಬಾಗಿಲ ಹಿಂದೆ ಬಗ್ಗಿ ನಿಲ್ಲಬೇಕು. ಎದ್ದು ನಿಂತೆ. ಸ್ಲೈಡು ಹಾಕಲಿಲ್ಲ.

"ಎರಡು ನಿಮಿಷ ಸಾಕು ಸರ್. ಕ್ಲೋರಿನ್ ಕೊಠಡಿಯಲ್ಲಿ ಮೂರು ಬದಲಾವಣೆಗೆ ಇವತ್ತು ಒಪ್ಪಿಗೆ ಬೇಕು. ಫ್ಯಾನು ನೆಲಕ್ಕೆ, ಬಾಗಿಲು ಹೊರಕ್ಕೆ, ಸ್ವಿಚ್ಚು ಆಚೆಗೆ."

ಪೆನ್ಸಿಲ್ ಓಡಿತು. ನಾನು ಸುಮ್ಮನಿದ್ದೆ. ಆ ಮೌನ ನನಗೆ ಒಂದು ವರ್ಷದಷ್ಟು ಉದ್ದ ಕಂಡಿತು, ಆದರೆ ಕಾಗದ ಜೋಡಿಸುತ್ತಿದ್ದವರೆಲ್ಲ ಆಗ ತಲೆಯೆತ್ತಿದರು. ಪೆನ್ಸಿಲ್ ನಿಂತಿತು.

"ಎರಡು ತಿಂಗಳ ಹಿಂದೆ ನಮ್ಮ ಆಪರೇಟರ್ ಒಬ್ಬರು ಆ ಕೊಠಡಿಯಿಂದ ಗೋಡೆ ತಡವಿಕೊಂಡು ಹೊರಗೆ ಬಂದಿದ್ದಾರೆ. ಮೂರು ದಿನ ಅವರಿಗೆ ಮಾತು ಬರಲಿಲ್ಲ."

ಲೆಕ್ಕಾಧಿಕಾರಿಗಳು ಕೈಯೆತ್ತಿದರು. "ಫ್ಯಾನು ಇದೆಯಲ್ಲಮ್ಮ. ಚೆನ್ನಾಗೇ ತಿರುಗ್ತಿದೆ. ಮೇಲಿಂದ ಕೆಳಗೆ ತರೋಕೆ ಇಷ್ಟೆಲ್ಲ ಯಾಕೆ? ಇಷ್ಟು ವರ್ಷ ಏನೂ ಆಗಿಲ್ಲವಲ್ಲ?"

ನೆತ್ತಿಗೆ ಬೆಂಕಿ ಹತ್ತಿದ ಹಾಗಾಯಿತು. ನಾಲಗೆಯ ತುದಿಗೆ ಒಂದು ಮಾತು ಬಂದು ಕೂತಿತ್ತು, ಅದನ್ನು ಇಲ್ಲಿ ಬರೆಯಲಾರೆ. ಶಾರ್ಟ್‌ಹ್ಯಾಂಡಮ್ಮನ ಕಡೆ ನೋಡಿದೆ. ಅವರು ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. ಆ ಟ್ಯಾಂಕಿನ ಹುಡುಗನ ತಂದೆಯ ಮಾತಿಗೂ ಅವರು ಹೀಗೇ ಕಾದಿದ್ದರು. ಅದು ನೆನಪಾಗಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಆ ಅನಿಲ ನೆಲದ ಮೇಲೆ ಮಲಗುತ್ತೆ ಸರ್" ಎಂದೆ. "ಉಸಿರುಗಟ್ಟಿದವರು ಬೀಳೋದೂ ನೆಲಕ್ಕೇ. ಫ್ಯಾನು ಅವರಿಗಿಂತ ಹತ್ತು ಅಡಿ ಮೇಲೆ ತಿರುಗ್ತಾ ಇರುತ್ತೆ."

ಅಧ್ಯಕ್ಷರು ಲೆಕ್ಕಾಧಿಕಾರಿಗಳ ಮುಖ ನೋಡಿದರು. ಲೆಕ್ಕಾಧಿಕಾರಿಗಳು ಒಂದು ಗಳಿಗೆ ಮೇಜು ನೋಡಿ, "ಮೊದಲೇ ಹೀಗೆ ಹೇಳಬಾರದಾಗಿತ್ತಾ?" ಎಂದರು. ಒಳ್ಳೆಯ ಮನುಷ್ಯ, ಪಾಪ. ಹಿಂದಿನ ಸಲ ನಾನು ಹೇಳಿದ್ದೇನೆಂದೇ ಅವರಿಗೆ ತಿಳಿದಿರಲಿಲ್ಲ. ಒಪ್ಪಿಗೆ ಸಿಕ್ಕಿತು. ಹದಿನೆಂಟು ದಿನಗಳಲ್ಲಿ ಕೆಲಸ ಮುಗಿಯಿತು. ಗೋಡೆಯ ಬುಡ ಒಡೆದು ಫ್ಯಾನು ಕೂರಿಸಿದರು, ಬಾಗಿಲು ತಿರುಗಿಸಿದರು, ಸ್ವಿಚ್ಚನ್ನು ಹೊರಗಿನ ಗೋಡೆಗೆ ತಂದರು. ದೊಡ್ಡಣ್ಣ ಬಾಗಿಲನ್ನು ಹತ್ತು ಸಲ ತಳ್ಳಿ ತಳ್ಳಿ ನೋಡಿ, "ಈಗ ಇದಕ್ಕೆ ಬುದ್ಧಿ ಬಂತು" ಎಂದರು.

ಮರುವರ್ಷ ಶಾರ್ಟ್‌ಹ್ಯಾಂಡಮ್ಮ ನಿವೃತ್ತರಾದರು. ಅದಾಗಿ ನಾಲ್ಕನೇ ತಿಂಗಳು, ಬೆಳಗ್ಗೆ ಹತ್ತೂವರೆಗೆ ಘಟಕದಿಂದ ನನಗೆ ಫೋನು ಬಂತು. ಒಂದು ಸಿಲಿಂಡರಿನ ವಾಲ್ವೇ ಮುರಿದಿತ್ತು. ಹಿಂದಿನ ಸಲದ್ದು ಅದರ ಮುಂದೆ ಏನೂ ಅಲ್ಲ. ನಾನು ಜೀಪಿನಲ್ಲಿ ಹೇಗೆ ಹೋದೆನೋ ನೆನಪಿಲ್ಲ, ಇರುವ ದೇವರನ್ನೆಲ್ಲ ಕರೆದದ್ದು ಮಾತ್ರ ನೆನಪಿದೆ. ಹೋಗಿ ನೋಡಿದರೆ ಅಗ್ನಿಶಾಮಕದವರು ಮುಖವಾಡ ಹಾಕಿಕೊಂಡು ಒಳಗಿದ್ದರು, ನೆಲಮಟ್ಟದ ಫ್ಯಾನು ಭೋರೆಂದು ತಿರುಗುತ್ತಿತ್ತು, ಬಾಗಿಲು ಹೊರಮುಖವಾಗಿ ಅಗಲಕ್ಕೆ ತೆರೆದಿತ್ತು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ದೂರದ ಮೋರಿಯ ಕಟ್ಟೆಯ ಮೇಲೆ ದೊಡ್ಡಣ್ಣ ಕೂತಿದ್ದರು. ಕಣ್ಣು ಕೆಂಪಾಗಿತ್ತು, ಕೆಮ್ಮುತ್ತಿದ್ದರು, ಕೆಮ್ಮಿನ ನಡುವೆ ಯಾರನ್ನೋ ಬೈಯುತ್ತಿದ್ದರು. ಜೊತೆಯಲ್ಲಿದ್ದ ಆಪರೇಟರನೂ ಪಕ್ಕದಲ್ಲೇ ಇದ್ದ.

"ಮೈಯಿಂದ ತಳ್ಳಿದೆ ಮೇಡಂ, ತೆರ್ಕೊಳ್ತು" ಎಂದರು ನನ್ನನ್ನು ಕಂಡು. "ಕೈ ಹಾಕೋಷ್ಟು ಉಸಿರು ಇರಲಿಲ್ಲ. ಬಿದ್ದ ಹಾಗೆ ಬಿದ್ದೆ, ಹೊರಗೆ ಬಂದು ಬಿದ್ದೆ. ಪಂಪ್‌ಹೌಸಿನವರು ಓಡಿ ಬಂದು ಹೊರಗಿನ ಸ್ವಿಚ್ಚು ಒತ್ತಿದ್ರು. ಇವನು ಇನ್ನೂ ಒಳಗೇ ಇದ್ದ, ಎಲ್ಲ ಸೇರಿ ಎಳ್ಕೊಂಡು ಬಂದ್ವಿ."

ನಾನು ಮೋರಿಯ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತುಬಿಟ್ಟೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದೊಡ್ಡಣ್ಣ ನನಗೆ ಕೃತಜ್ಞತೆ ಹೇಳಲು ಬಂದರು. ನಾನು ಶಾರ್ಟ್‌ಹ್ಯಾಂಡಮ್ಮನ ವಿಷಯವೆಲ್ಲ ಹೇಳಿದೆ. ಅವರು ದಂಗಾದರು. ಇಪ್ಪತ್ತೇಳು ವರ್ಷ ಒಂದೇ ಇಲಾಖೆಯಲ್ಲಿದ್ದರೂ ಘಟಕದವರು ಮುಖ್ಯ ಕಚೇರಿಯ ಎರಡನೇ ಮಹಡಿ ಹತ್ತುವ ಸಂದರ್ಭವೇ ಇರಲಿಲ್ಲ. ಆಕೆಯ ಮುಖವನ್ನೇ ಅವರು ನೋಡಿರಲಿಲ್ಲ. "ನಡೀರಿ ಮೇಡಂ, ಆ ಅಮ್ಮನ ಮನೆ ತೋರಿಸಿ" ಎಂದರು. ಮುಂದಿನ ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಹೋದೆ.

ಕಂಡಕ್ಟರು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಶಾರ್ಟ್‌ಹ್ಯಾಂಡಮ್ಮ ಒದ್ದೆ ಕೈ ಒರೆಸಿಕೊಂಡು ಹೊರಗೆ ಬಂದರು. ನಾನು ಪರಿಚಯ ಮಾಡಿಸುವ ಮೊದಲೇ, ನಿಂತಿದ್ದ ಮನುಷ್ಯನ ಕೆಮ್ಮು ಕೇಳಿ, ಯಾರು ಬಂದಿದ್ದಾರೆ ಎಂಬುದು ಅವರಿಗೆ ತಿಳಿಯಿತು. ದೊಡ್ಡಣ್ಣ ಕೈಮುಗಿದರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ನನ್ನನ್ನು ಕೇಳುತ್ತ ಬಂದವರು, ಈಗ ಹೆಂಡತಿಯನ್ನು ಮುಂದೆ ಬಿಟ್ಟು ತಾವು ಹಿಂದೆ ಸರಿದು ನಿಂತರು.

ಮಾತಾಡಿದ್ದು ಅವರ ಹೆಂಡತಿ. ಒಳಗೆ ಹೋಗಿ ಚಾಪೆಯ ಮೇಲೆ ಕೂತ ಮೇಲೆ, ಆಕೆ ಶಾರ್ಟ್‌ಹ್ಯಾಂಡಮ್ಮನ ಕೈ ಹಿಡಿದುಕೊಂಡು ಶುರು ಮಾಡಿದರು. ಎಲ್ಲಿಂದಲೋ ಶುರು ಮಾಡಿದರು. ಮದುವೆಯಾದ ಹೊಸದರಲ್ಲಿ ಗಂಡನ ಬಟ್ಟೆಯ ವಾಸನೆಗೆ ತಲೆ ತಿರುಗುತ್ತಿದ್ದುದು, ಆಮೇಲಾಮೇಲೆ ಅದೇ ವಾಸನೆ ಬಂದರೆ ಸದ್ಯ ಮನೆಗೆ ಬಂದರು ಎಂದು ಸಮಾಧಾನವಾಗುತ್ತಿದ್ದುದು, ದೊಡ್ಡ ಮಗಳಿಗೆ ಜ್ವರ ಬಂದದ್ದು, ಸೋರುವ ಮಾಡು, ಪಕ್ಕದ ಮನೆಯವರ ನಾಯಿ, ಪಾಳಿ ಮುಗಿದು ಹತ್ತು ನಿಮಿಷ ತಡವಾದರೆ ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದುದು. ಹೇಳುತ್ತ ಹೇಳುತ್ತ ಅತ್ತರು, ಮತ್ತೆ ನಾಯಿಯ ವಿಷಯಕ್ಕೆ ಹೋದರು. ದೊಡ್ಡಣ್ಣ ಮುಜುಗರದಿಂದ ಎರಡು ಸಲ "ಸಾಕು ಕಣೇ" ಎಂದರು. ಶಾರ್ಟ್‌ಹ್ಯಾಂಡಮ್ಮ ಅವರನ್ನು ಕಣ್ಣಲ್ಲೇ ಸುಮ್ಮನಿರಿಸಿದರು.

ಅರ್ಧ ಗಂಟೆಗೂ ಮೇಲಾಯಿತು. ಅವರು ಒಂದು ಸಲವೂ ತಡೆಯಲಿಲ್ಲ, ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಹೊರಡುವಾಗ ಬಾಗಿಲಲ್ಲಿ ದೊಡ್ಡಣ್ಣನ ಹೆಂಡತಿಗೆ ಇದ್ದಕ್ಕಿದ್ದಂತೆ ನಾಚಿಕೆಯಾಯಿತು. "ಏನೇನೋ ಮಾತಾಡ್ಬಿಟ್ಟೆ ಅಕ್ಕಾ. ಏನು ಹೇಳೋಕೆ ಬಂದಿದ್ನೋ ಅದನ್ನ ಹೇಳಲೇ ಇಲ್ಲ."

"ಹೇಳಿದ್ರಿ" ಎಂದರು ಶಾರ್ಟ್‌ಹ್ಯಾಂಡಮ್ಮ. "ಎಲ್ಲಾ ಹೇಳಿದ್ರಿ ತಾಯಿ. ನನಗೆ ಕೇಳಿಸ್ತು."